ಎಡ ಹೆಗಲಿನ ಪಿನ್ನು

"ಹಂಗಲ್ಲ!" ಎಂದು ಬಾಯವ್ವ ಗದರಿದಳು.

"ಮತ್ತ ಹೆಂಗ್ರಿ ಅತ್ತಿ?" ಸೊಸೆ ಉಮಾಶ್ರೀ ಅತ್ತೆಯ ಸೀರೆಯ ನಿರಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಹಂಗ!"

ಹಂಗ ಅಂದರೆ ಹೆಂಗ ಎಂದು ಹೇಳಲು ಬಾಯವ್ವನಿಗೆ ಬರಲಿಲ್ಲ. ಐವತ್ತು ವರ್ಷ ನಿರಿಗೆ ಹಿಡಿದದ್ದು ಅವಳ ಬಲಗೈ. ಮೂರು ತಿಂಗಳ ಹಿಂದೆ ಲಕ್ವಾ ಹೊಡೆದು ಆ ಕೈ ಬಿದ್ದುಹೋಗಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ, ಆದರೆ ಅದಕ್ಕೆ ಮೊದಲಿನಿಂದಲೂ ಗೊತ್ತಿದ್ದದ್ದು ಬೈಯುವುದೊಂದೇ. ಹಗ್ಗ ಸುಟ್ಟರೂ ಹುರಿ ಬಿಡದು ಎನ್ನುತ್ತಾರಲ್ಲ, ಹಾಗೆ.

ಇವತ್ತು ಮನೋಳಿಯಲ್ಲಿ ನಾದಿನಿ ಸಿದ್ದಲಿಂಗವ್ವನ ಬಸುರಿ ಮೊಮ್ಮಗಳ ಕುಬಸದ ಕಾರ್ಯ. ಹೋಗದಿದ್ದರೆ ಬಾಯವ್ವ ಹಾಸಿಗೆ ಹಿಡಿದಳು ಅನ್ನುತ್ತಾರೆ. ಮೂರು ತಿಂಗಳಿಂದ ಮೈಮೇಲಿದ್ದ ನೈಟಿಯಲ್ಲೇ ಹೋಗುವುದೆಂದರೆ ಅದಕ್ಕಿಂತ ಸಾಯುವುದೇ ಮೇಲು. ಇಡೀ ಬಳಗದಲ್ಲಿ ಸೀರೆ ಉಡುವುದೆಂದರೆ ಬಾಯವ್ವನ ಹಾಗೆ ಉಡಬೇಕು ಎಂಬ ಮಾತಿತ್ತು. ಆ ಮಾತನ್ನು ಹುಟ್ಟಿಸಿದವಳೂ ಅವಳೇ. ಯಾರ ಮನೆಯ ಕಾರ್ಯಕ್ಕೆ ಹೋದರೂ ಅವಳು ಹೆಂಗಸರ ಮುಖ ನೋಡುವ ಮೊದಲು ನಿರಿಗೆ ನೋಡುತ್ತಿದ್ದಳು. ನೋಡಿ ಸುಮ್ಮನಿರುವ ಜಾತಿಯೂ ಅಲ್ಲ. ಆರು ವರ್ಷದ ಹಿಂದೆ, ಮದುವೆಯಾಗಿ ಬಂದ ಉಮಾಶ್ರೀ ಆರತಿಗೆ ಕುಳಿತಿದ್ದಾಗ, ಬಳಗದ ಹೆಂಗಸರೆಲ್ಲ ನೋಡುತ್ತಿರುವಂತೆಯೇ ಅವಳ ನಿರಿಗೆಯನ್ನು ಸೊಂಟದಿಂದ ಎಳೆದು ಬಿಚ್ಚಿದ್ದಳು. "ಏನವಾ ಇದು, ಜ್ವಾಳದ ಕಣಿಕಿ ಹೊರಿ ಕಟ್ಟಿದಂಗ ಕಟ್ಟಗೊಂಡೀ?" ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. "ನೀವ ಕಲಸ್ರೆಲಾ ಅತ್ತಿ" ಎಂದು ಹುಡುಗಿ ಕೇಳಿದರೆ, "ಕಲಸಾಕ ನಾ ಏನ ನಿಮ್ಮವ್ವ?" ಅಂದಿದ್ದಳು. ಅಂದಿನಿಂದ ಉಮಾಶ್ರೀ ಚೂಡಿದಾರಕ್ಕೇ ಅಂಟಿಕೊಂಡಿದ್ದಳು.

"ಈ ನಿರಿಗಿ ಯಾರ ಕಲಿಸ್ಯಾರ ನಿನಗ?" ಈಗ ಬಾಯವ್ವ ಕೇಳಿದಳು.

"ರಾಮದುರ್ಗದಾಗ ಸೀರಿ ಅಂಗಡಿಯಾಗ ಪರಶು ಅಂತ ಅದಾನ್ರಿ. ಗಿರಾಕಿಗೋಳಿಗೆ ತೋರಸಾಕ ಪ್ಯಾಂಟಿನ ಮ್ಯಾಲ ಸೀರಿ ಉಟಗೊಂತಾನ. ಎರಡ ದಿನ ಹೋಗಿ ಕಲತ ಬಂದೇನಿ."

"ಥೂ! ಗಂಡಸಿನ ಕಡಿಂದ ಸೀರಿ ಉಡೂದ ಕಲತ ಬಂದೀ?"

"ಅಂವ ಬೈಯೂದಿಲ್ರಿ ಅತ್ತಿ, ತೋರಸ್ತಾನ."

ಉಮಾಶ್ರೀ ಇಳಕಲ್ ಸೀರೆಯ ನಿರಿಗೆ ಸಿಕ್ಕಿಸಿ, ನೆಲಕ್ಕೆ ಕುಳಿತು ಒಂದೊಂದನ್ನೇ ಎಳೆದು ನೇರ ಮಾಡಿದಳು. ಸೆರಗನ್ನು ಎಡ ಹೆಗಲಿಗೆ ತಂದು ಪಿನ್ನು ಹಾಕಿದಳು. ಉಳಿದ ಸೆರಗನ್ನು ಬೆನ್ನ ಹಿಂದಿನಿಂದ ಬಲಕ್ಕೆ ತಂದು ಆ ಬಿದ್ದುಹೋದ ಕೈಯ ಮೇಲೆ ಹೊದಿಸಿದಳು. ಕೈ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಇದನ್ನು ಪರಶು ಕಲಿಸಿರಲಿಲ್ಲ, ಅವಳಿಗೇ ಹೊಳೆದದ್ದು. ಬಾಯವ್ವ ಕನ್ನಡಿ ನೋಡಿದಳು. ಮೂರು ತಿಂಗಳ ಹಿಂದಿನ ಬಾಯವ್ವ ಅಲ್ಲಿ ನಿಂತಿದ್ದಳು. ಹೊಟ್ಟೆಯೊಳಗೆ ಸಂತೋಷ ಉಕ್ಕಿ ಬಂತು. ಬಾಯಿಗೆ ಬಂದದ್ದು ಮಾತ್ರ, "ಸೀರಿ ದಡಿ ನೆಲದಿಂದ ಒಂದ ಬಟ್ಟ ಮ್ಯಾಲಾತು."

ಮನೋಳಿಯಲ್ಲಿ ಕಾರಿನಿಂದ ಇಳಿದು, ಸೊಸೆಯ ತೋಳು ಹಿಡಿದು ಪಡಸಾಲೆಗೆ ಕಾಲಿಟ್ಟಾಗ ಹೆಂಗಸರೆಲ್ಲ ತಿರುಗಿ ನೋಡಿದರು. ಆರತಿಯ ದಿನ ನಕ್ಕಿದ್ದ ಹೆಂಗಸರೇ ಅಲ್ಲಿದ್ದರು. ಸಿದ್ದಲಿಂಗವ್ವ ಎದ್ದು ಬಂದು ಬಾಯವ್ವನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಅಯ್ಯ ವೈನೀ! ಲಕ್ವಾ ಹೊಡೀತು ಅಂದ್ರು, ನಿರಿಗಿ ನೋಡಿದ್ರ ಮದಲಿನಕಿಂತ ಚಂದ ಅದಾವಲಾ! ಯಾರ ಉಡಿಸ್ಯಾರ?"

ಪಕ್ಕದಲ್ಲಿದ್ದ ಉಮಾಶ್ರೀ ತಲೆ ಎತ್ತಿದಳು. ಆರು ವರ್ಷದಲ್ಲಿ ಈ ಹೆಂಗಸರ ನಡುವೆ ಅವಳು ತಲೆ ಎತ್ತಿದ್ದು ಅದೇ ಮೊದಲು. ಒಂದು ಮಾತು ಸಾಕಿತ್ತು ಅವಳಿಗೆ. ಅದು ಬಾಯವ್ವನಿಗೂ ಚೆನ್ನಾಗಿ ಗೊತ್ತಿತ್ತು.

"ಯಾರ ಉಡಸ್ತಾರ? ನಾನ ಉಟಗೊಂಡೇನಿ," ಎಂದಳು ಬಾಯವ್ವ. "ನನ್ನ ಸೊಸಿಗೆ ಸೀರಿ ಬರತೈತೇನ? ಕಣಿಕಿ ಹೊರಿ ಕಟ್ಟಂದ್ರ ಕಟ್ಟತಾಳ."

ಹೆಂಗಸರು ಮತ್ತೆ ನಕ್ಕರು. ಬಾಯವ್ವ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಒಬ್ಬೊಬ್ಬರ ನಿರಿಗೆ ನೋಡುತ್ತ, ಹೋಳಿಗೆ ಊಟ ಮುಗಿಯುವ ತನಕ ಎಲ್ಲರಿಗೂ ಒಂದೊಂದು ಕೊಂಕು ಹಂಚಿದಳು. ಬಹಳ ದಿನದ ಮೇಲೆ ಅವಳಿಗೆ ಹಸಿವಾಗಿತ್ತು. ತುತ್ತು ಮಾಡಿ ಬಾಯಿಗಿಟ್ಟವಳು ಉಮಾಶ್ರೀ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸಂಜೆ ತಮ್ಮೂರು ಸಾಲಹಳ್ಳಿಯ ಮನೆಗೆ ಬಂದಾಗ ಜಳಕ್ಕೆ ಬಾಯವ್ವನ ಮೈ ಬೆವರಿ ಕಡಿಯುತ್ತಿತ್ತು. ಮಂಚದ ಮೇಲೆ ಕುಳಿತು ಕರೆದಳು, "ಏ, ಲಗೂನ ಬಾ. ಪಿನ್ನ ತಗಿ, ಸೀರಿ ಬಿಚ್ಚು."

ಉಮಾಶ್ರೀ ಬಂದಳು. ಅತ್ತೆಯ ತಲೆಯ ಮೇಲೆ ಫ್ಯಾನು ಹಾಕಿದಳು, ಕೈಗೆ ಸಿಗುವಂತೆ ನೀರಿನ ತಂಬಿಗೆ ಇಟ್ಟಳು, ನೈಟಿಯನ್ನು ಮಡಿಸಿ ಪಕ್ಕದಲ್ಲಿಟ್ಟಳು. ದನಿ ಏರಿಸದೆ ಹೇಳಿದಳು:

"ಉಟಗೊಂಡಾವ್ರು ನೀವ ಅಲ್ರಿ ಅತ್ತಿ? ನೀವ ಬಿಚ್ಚಗೋರಿ."

ಉಮಾಶ್ರೀ ಒಳಗೆ ಹೋದಳು, ಚಹಾದ ಪಾತ್ರೆಯ ಸದ್ದಾಯಿತು. ಬಾಯವ್ವ ಎಡಗೈ ಎತ್ತಿದಳು. ಎಡಗೈ ಎಡ ಹೆಗಲಿನ ಪಿನ್ನನ್ನು ಮುಟ್ಟಿತು, ತಡವಿತು, ಬಿಚ್ಚಲಾರದೆ ಜಾರಿ ಕೆಳಗೆ ಬಿತ್ತು. ಕಾಲ ಬಳಿ ನಿರಿಗೆಗಳು ಬೆಳಿಗ್ಗೆ ಇದ್ದ ಹಾಗೆಯೇ ಇದ್ದವು, ಒಂದೂ ಅಲುಗಿರಲಿಲ್ಲ.