ಬಲೆಯ ದಾರದ ಅಕ್ಷರ

ಮೈದಾ ಅಂಟು ಕುದಿಯುವ ವಾಸನೆ ಬಂದರೆ ಈಗಲೂ ಮರವಂತೆಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ತಂಗಿ ಸುಮಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ನಾನು ಓದಲು ಕೂತಾಗ ಅವಳು ನನ್ನ ಪುಸ್ತಕದ ಹಾಳೆ ಸವರುತ್ತಾ, "ಅಕ್ಷರ ಹ್ಯಾಂಗ್ ಇರತ್ತ್?" ಎಂದು ಕೇಳುತ್ತಿದ್ದಳು. ಹೇಗೆ ಹೇಳುವುದೆಂದು ನನಗೆ ತಿಳಿಯುತ್ತಿರಲಿಲ್ಲ.

ಆ ದಿನ ಅಮ್ಮ ಬಲೆ ಹೆಣೆಯುವ ದಪ್ಪ ದಾರವನ್ನು ಅಕ್ಷರದಂತೆ ಬಾಗಿಸಿ, ಚಪ್ಪಲಿ ಡಬ್ಬಿಯ ರಟ್ಟಿಗೆ ಅಂಟಿಸುತ್ತಿದ್ದಳು. ಮೊದಲು ಮಾಡಿದ್ದು 'ಅಪ್ಪ'. ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಕಣ್ಣ್ ಕಾಣ್ದಿದ್ ಹೆಣ್ಣಿಗೆ ಇದೆಲ್ಲ ಎಂತಕೆ?" ಎಂದಳು.

"ಕಣ್ಣ್ ಕಾಂತಿಲ್ಲೆ ಅಂದೇಳಿ ಕೈ ಸುಮ್ನೆ ಇರ್ಕಾ, ಅತ್ತೆ?" ಎಂದಳು ಅಮ್ಮ, ತಲೆ ಎತ್ತದೆ.

ಅಂಟು ಒಣಗಿದ ಮೇಲೆ ಸುಮಾ ಉಬ್ಬಿದ ದಾರದ ಗುಂಟ ಬೆರಳು ಸರಿಸಿದಳು. ಒತ್ತಕ್ಷರ ಕೈಗೆ ಸಿಕ್ಕಾಗ ನಕ್ಕಳು. "ಇದ್ರ ಅಡಿಗೆ ಒಂದ್ ಸಣ್ಣ ಮರಿ!" ಅಜ್ಜಿಯೂ ಬಂದು ಪಕ್ಕದಲ್ಲಿ ಕೂತಳು. ಮತ್ತೆ ಮತ್ತೆ ಸವರಿ ಸುಮಾ ಅದನ್ನು ಕಲಿತುಬಿಟ್ಟಳು.

ಸಂಜೆ ಅಪ್ಪಯ್ಯ ದೋಣಿಯಿಂದ ಬಂದು ಜಗಲಿಯಲ್ಲಿ ಕೂತರು. ಸುಮಾ ಅವರ ಅಂಗೈ ಬಿಡಿಸಿ, ಅದರ ಮೇಲೆ ಬೆರಳಿನಿಂದ ನಿಧಾನವಾಗಿ 'ಅಪ್ಪ' ಎಂದು ಬರೆದಳು.

"ಎಂತ ಬರ್ದದ್ದ್ ಹೇಳಿ ಕಾಂಬ?"

ಅಪ್ಪಯ್ಯ ಇನ್ನೊಂದು ಅಂಗೈಯನ್ನೂ ಅವಳ ಮುಂದೆ ಚಾಚಿ, "ಇದ್ರ ಮೇಲೂ ಬರಿ, ಮಗಾ" ಎಂದರು.