ಅವ್ವನ ಟ್ರಂಕಿನ ಕೀಲಿಕೈ

ಬೆಂಕಿಯ ಶೋಧ ಮನುಷ್ಯನನ್ನು ನಾಗರಿಕನನ್ನಾಗಿಸಿತು ಎನ್ನುತ್ತಾರೆ. ಮಾನ್ವಿಯ ನಮ್ಮ ಓಣಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಕಡ್ಡಿ ಗೀರಿದ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ಅವ್ವನ ಟ್ರಂಕಿನ ಕೀಲಿಕೈ ಕೊಳವೆಯಂತೆ ಟೊಳ್ಳಾಗಿತ್ತು. ನಾನೂ ಪಕ್ಕದ ಮನೆಯ ಶಾಹೀನಳೂ ಅದರಲ್ಲಿ ಕಡ್ಡಿಮದ್ದು ತುಂಬಿ, ಮೊಳೆ ಸಿಕ್ಕಿಸಿ, ದಾರ ಕಟ್ಟಿ ಗೋಡೆಗೆ ಬೀಸಿ ಢಂ ಅನಿಸುತ್ತಿದ್ದೆವು.

“ಲೇ, ಕೀಲಿಕೈ ಕೊಡು, ರೇಷ್ಮಿ ಸೀರಿ ಟ್ರಂಕಿನ್ಯಾಗ ಅದ, ಲಗ್ನಕ್ಕ ಹೊತ್ತಾಗಾಕತ್ತದ!” ಎಂದು ಅವ್ವ ಒಳಗಿನಿಂದ ಕೂಗಿದಳು.

“ಇದೊಂದು ಹೊಡದು ಕೊಡ್ತೀನಬೇ,” ಎಂದೆ.

ಕೊನೆಯದೆಂದು ಮದ್ದು ಎರಡರಷ್ಟು ತುಂಬಿದ್ದೆವು. ಕೀಲಿಕೈ ಸೀಳಿ ಹೂವಿನಂತೆ ಅರಳಿತು. ಅವ್ವ ಓಡಿ ಬಂದು ಮೊದಲು ಇಬ್ಬರ ಬೆರಳುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು.

“ಎಲ್ಲಾ ಅದಾವ. ಇನ್ನ ನಿಮಗ ಹೊಡಿಯಾಕ ಅಡ್ಡಿಲ್ಲ,” ಎಂದಳು.

ಹಿರೇಕೊಟ್ನೆಕಲ್ಲಿನ ಲಗ್ನಕ್ಕೆ ಅವಳು ಶಾಹೀನಳ ತಾಯಿಯ ಸೀರೆ ಉಟ್ಟು ಹೋದಳು.