ಮೂರೇ ಸಹಿ

"ಇವತ್ತು ಬಂದವರು ಮೂರೇ ಜನ," ಗ್ರಂಥಾಲಯದ ಹಾಜರಿ ಪುಸ್ತಕದ ಮೇಲೆ ಬೆರಳಿಟ್ಟು ಹೇಳಿದ ತಪಾಸಣೆಗೆ ಬಂದ ಅಧಿಕಾರಿ. "ಮುಚ್ಚೋದೇ ಸರಿ ಅಂತ ಬರೀತೀನಿ ಮೇಡಂ, ಬೇಜಾರು ಮಾಡ್ಕೋಬೇಡಿ."

"ಮೂರು ಜನ ಸಹಿ ಹಾಕಿದವರು, ಸ್ವಾಮಿ," ಎಂದಳು ಗ್ರಂಥಪಾಲಕಿ. "ಓದು ಬರಹ ಬಾರದವರು ಒಳಗೆ ಹದಿನೈದು ಜನ ಕಾಯ್ತಿದ್ದಾರೆ. ದಿನಾ ನಾನು ಓದ್ತೀನಿ, ಅವರು ಕೇಳ್ತಾರೆ. ಸಹಿ ಹಾಕಿ ಅಂದು ಅವರ ಮುಖ ಸಣ್ಣದು ಮಾಡ್ಲಾ?"

ನಂಬಿಕೆಯಾಗದೆ ಅವನು ಒಳಗೆ ಇಣುಕಿದ. ಮುಂದಿನ ಬೆಂಚಿನಲ್ಲೇ ಅವನ ಅಮ್ಮ! ದಿನಾ ಚಿಕ್ಕಮ್ಮನ ಮನೆಗೆಂದು ಹೇಳಿ ಹೊರಡುತ್ತಿದ್ದವಳು. "ಒಂದು ಪುಟ ಓದಿ ಹೇಳೋ" ಎಂದು ಅವಳು ಅಂಗಲಾಚಿದಾಗಲೆಲ್ಲ ಅವನಿಗೆ ಪುರುಸೊತ್ತಿರಲಿಲ್ಲ.

ಅವನನ್ನು ಕಂಡದ್ದೇ ಅವಳು ಕದ್ದು ಸಿಕ್ಕಿಬಿದ್ದವಳಂತೆ ಎದ್ದು ನಿಂತಳು. "ಬೈಬೇಡ ಕಣೋ. ಕತೆ ಎರಡೇ ಪುಟ ಉಳಿದಿದೆ, ಕೇಳಿ ಬಂದ್‌ಬಿಡ್ತೀನಿ."

ಅವನು ಹಾಜರಿ ಪುಸ್ತಕದತ್ತ ಮರಳಿದ. ತಲೆ ತಗ್ಗಿಸಿ, ಮೂರನೆಯ ಸಹಿಯ ಕೆಳಗೆ ಅಮ್ಮನ ಹೆಸರು ಬರೆದ.